ಅಕ್ಕನ ಕಂಕುಳಲ್ಲಿ ಕೂಸು, ಗೂಟದಲ್ಲಿ ಪಾಟಿಚೀಲ

ಹಳ್ಳಿ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಮಾಡಿದ ಮೇಷ್ಟರಿಗೆ ಈ ಹುಡುಗಿ ಹೊಸಬಳಲ್ಲ. ಎಂಟೋ ಒಂಬತ್ತೋ ವಯಸ್ಸು. ಹಾಜರಿ ಪುಸ್ತಕದಲ್ಲಿ ಹೆಸರಿದೆ, ತರಗತಿಯಲ್ಲಿ ಆಕೆ ಇಲ್ಲ. ಕಳೆ ತೆಗೆಯುವ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ವಾರಗಟ್ಟಲೆ ಗೈರುಹಾಜರಿ. ಎಂದಾದರೂ ಬಂದರೆ ಒಬ್ಬಳೇ ಬರುವುದಿಲ್ಲ. ಕಂಕುಳಲ್ಲಿ ತಮ್ಮನೋ ತಂಗಿಯೋ ಇರುತ್ತದೆ. ಕೂಸು ಅತ್ತರೆ ಪಾಠ ನಿಲ್ಲುತ್ತದೆ, ಮೇಷ್ಟರು ಗದರುತ್ತಾರೆ. ಹುಡುಗಿ ಕೂಸನ್ನೆತ್ತಿಕೊಂಡು ಜಗಲಿಗೆ ಹೋಗುತ್ತಾಳೆ, ಜಗಲಿಯಿಂದ ಮನೆಗೆ ಹೋಗುತ್ತಾಳೆ. ಮುಂದಿನ ವರ್ಷ ಹಾಜರಿ ಪುಸ್ತಕದಲ್ಲೂ ಆಕೆಯ ಹೆಸರಿರುವುದಿಲ್ಲ.

ಏಕೆ ಶಾಲೆ ಬಿಟ್ಟಳು ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: 'ತಾಯಿ ಕೂಲಿಗೆ ಹೋಗುತ್ತಾಳೆ.' ತಾಯಿ ಮನೆಯಲ್ಲಿದ್ದರೆ ಮಕ್ಕಳ ಓದು ಚೆನ್ನ, ಹೊರಗೆ ದುಡಿದರೆ ಓದು ಹಾಳು ಎಂಬ ನಂಬಿಕೆ ಬಹಳ ಹಳೆಯದು. ಆದರೆ ಕಳೆದ ನೂರು ನೂರೈವತ್ತು ವರ್ಷಗಳಲ್ಲಿ ಗಿರಣಿ, ತೋಟ, ಕಟ್ಟಡದ ಕೆಲಸಗಳಿಗೆ ಹೋದ ತಾಯಂದಿರ ಚರಿತ್ರೆಯನ್ನು ನೋಡಿದರೆ ಈ ಉತ್ತರ ಅರ್ಧ ಮಾತ್ರ ನಿಜವೆಂದು ತಿಳಿಯುತ್ತದೆ. ತಾಯಿಯ ಕೂಲಿ ಎಷ್ಟೋ ಮನೆಗಳಲ್ಲಿ ಪಾಟಿ, ಪುಸ್ತಕ, ಸಮವಸ್ತ್ರದ ದುಡ್ಡಾಗಿತ್ತು. ಮಗಳನ್ನು ಶಾಲೆಯಿಂದ ಹೊರಗೆಳೆದದ್ದು ಇನ್ನೊಂದು ಸಂಗತಿ: ತಾಯಿ ದುಡಿಯುವ ಹೊತ್ತಿನಲ್ಲಿ ಚಿಕ್ಕ ಕೂಸನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಮನೆಯ ಹೊರಗೆ ಯಾರೂ ಉತ್ತರ ಕೊಡದೇ ಹೋದದ್ದು.

ಗೋದಲಿಯಿಂದ ಬಂದ ಹೆಸರು

ತಾಯಂದಿರು ದುಡಿಯುವುದು ಹೊಸತೇನಲ್ಲ. ಒಕ್ಕಲು ಮನೆಗಳಲ್ಲಿ ನಾಟಿ, ಕಳೆ, ಕೊಯ್ಲು, ದನದ ಕೊಟ್ಟಿಗೆ ಎಲ್ಲದರಲ್ಲೂ ಹೆಂಗಸರ ಕೈಯಿತ್ತು. ಹೊಲದ ಬದಿಯ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದರೆ ಕೆಲಸದ ನಡುವೆ ಹೋಗಿ ಹಾಲೂಡಿಸಿ ಬರಬಹುದಿತ್ತು. ಮನೆಯಲ್ಲಿ ಅಜ್ಜಿ ಇದ್ದರೆ ಇನ್ನೂ ಅನುಕೂಲ. ಕೆಲಸದ ಜಾಗವೂ ಕೂಸಿನ ಜಾಗವೂ ಕೂಗಳತೆಯಲ್ಲಿದ್ದವು.

ಕಾರ್ಖಾನೆ ಬಂದ ಮೇಲೆ ಈ ಏರ್ಪಾಟು ಮುರಿಯಿತು. ಗಿರಣಿಗೆ ಗೇಟು ಇತ್ತು, ಸಿಳ್ಳೆ ಇತ್ತು, ತಡವಾಗಿ ಬಂದವರಿಗೆ ದಂಡವಿತ್ತು. ಜೋಲಿ ಕಟ್ಟಲು ಮರವಿರಲಿಲ್ಲ. ಮೊದಲು ಈ ಕಷ್ಟವನ್ನು ಕಂಡದ್ದು ಯೂರೋಪು. ಸ್ಕಾಟ್ಲೆಂಡಿನ ನ್ಯೂ ಲೆನಾರ್ಕ್ ಎಂಬ ಊರಿನಲ್ಲಿ ಹತ್ತಿಯ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವನ್ 1816ರಲ್ಲಿ ಕೆಲಸಗಾರರ ಮಕ್ಕಳಿಗಾಗಿ ಶಾಲೆ ತೆರೆದ. ಅದರಲ್ಲಿ ಎಳೆಯ ಮಕ್ಕಳಿಗೂ ಒಂದು ವಿಭಾಗವಿತ್ತು. ಫ್ರಾನ್ಸಿನಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ ಆಶ್ರಯ ಶಾಲೆಗಳಿದ್ದವು, ಅದಕ್ಕಿಂತ ಚಿಕ್ಕ ಕೂಸುಗಳಿಗೆ ಏನೂ ಇರಲಿಲ್ಲ. ಈ ಕೊರತೆಯನ್ನು ಗಮನಿಸಿದ ಫಿರ್ಮಾಂ ಮಾರ್ಬೋ ಎಂಬ ವಕೀಲ 1844ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ 'ಕ್ರೆಷ್' ಆರಂಭಿಸಿದ. ಫ್ರೆಂಚ್ ಭಾಷೆಯಲ್ಲಿ ಕ್ರೆಷ್ ಎಂದರೆ ಗೋದಲಿ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಯೇಸುಕ್ರಿಸ್ತನನ್ನು ಹುಟ್ಟಿದಾಗ ಗೋದಲಿಯಲ್ಲಿ ಮಲಗಿಸಿದ್ದರೆಂಬ ನೆನಪು ಆ ಹೆಸರಿನಲ್ಲಿದೆ. ಮುಂದೆ ಭಾರತದ ಕಾರ್ಮಿಕ ಕಾಯಿದೆಗಳಲ್ಲೂ ಅದೇ ಹೆಸರು ನಿಂತಿತು.

ಗಿರಣಿ ಬಾಗಿಲಲ್ಲಿ

ಭಾರತದಲ್ಲಿ ಗಿರಣಿ ಯುಗ ಆರಂಭವಾದದ್ದು 1850ರ ದಶಕದ ಮುಂಬಯಿಯಲ್ಲಿ. ನೂಲು ಸುತ್ತುವ ವಿಭಾಗಗಳಲ್ಲಿ ಹೆಂಗಸರು ಹೆಚ್ಚಾಗಿದ್ದರು. ಅವರ ಮಕ್ಕಳ ಕಥೆ ಎರಡು ಬಗೆಯದು. ಕೈಗೂಸುಗಳನ್ನು ಮನೆಯಲ್ಲಿ ಬಿಟ್ಟು ಹೋಗುವ ತಾಯಂದಿರು ಅವು ಅಳದೆ ಮಲಗಿರಲೆಂದು ಅಫೀಮಿನ ಪುಟ್ಟ ಗುಳಿಗೆ ಕೊಡುತ್ತಿದ್ದರು. ಈ ಪದ್ಧತಿ ಎಷ್ಟು ಹರಡಿತ್ತೆಂದರೆ 1920ರ ದಶಕದಲ್ಲಿ ಮುಂಬಯಿಯ ಕಾರ್ಮಿಕ ಹೆಂಗಸರ ಸ್ಥಿತಿಗತಿ ಪರಿಶೀಲಿಸಿದ ವೈದ್ಯೆಯ ವರದಿ ಇದನ್ನೇ ಎತ್ತಿ ಹೇಳಿತು.

ಸ್ವಲ್ಪ ದೊಡ್ಡ ಮಕ್ಕಳು ತಾಯಿಯ ಹಿಂದೆಯೇ ಗಿರಣಿಯೊಳಕ್ಕೆ ಬಂದರು, ಕೆಲಸಗಾರರಾಗಿ. 1881ರ ಮೊದಲ ಫ್ಯಾಕ್ಟರಿ ಕಾಯಿದೆ ಏಳು ವರ್ಷದೊಳಗಿನವರನ್ನು ಮಾತ್ರ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದಿತು. ಏಳು ತುಂಬಿದ ಮಗು ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದಿತ್ತು. 1891ರಲ್ಲಿ ಈ ವಯಸ್ಸು ಒಂಬತ್ತಕ್ಕೆ, 1922ರಲ್ಲಿ ಹನ್ನೆರಡಕ್ಕೆ ಏರಿತು. ಹೀಗೆ ಗಿರಣಿಯಿಂದ ಹೊರಬಿದ್ದ ಮಕ್ಕಳೆಲ್ಲ ಶಾಲೆ ಸೇರಿದರೇ? ಸೇರಬೇಕಾದರೆ ಶಾಲೆ ಇರಬೇಕಿತ್ತು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಬಿದ್ದುಹೋಯಿತು. ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣ ಕಾನೂನು ಮಾಡಿ, ಆಯ್ದ ಕೆಲವು ಸ್ಥಳಗಳಲ್ಲಿ ಶಾಲೆಯನ್ನು ಕಡ್ಡಾಯಗೊಳಿಸುವತ್ತ ಹೆಜ್ಜೆಯಿಟ್ಟಿತು. ಇವೆಲ್ಲ ದೊಡ್ಡ ಮಗುವಿನ ವಯಸ್ಸನ್ನು ಲೆಕ್ಕ ಹಾಕಿದವು. ಆ ಮಗುವಿನ ಕಂಕುಳಲ್ಲಿ ಇನ್ನೊಂದು ಮಗುವಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಐವತ್ತರ ಲೆಕ್ಕ

ದುಡಿಯುವ ತಾಯಿಯ ಹೊಣೆಯನ್ನು ಮಾಲೀಕನೂ ಸರ್ಕಾರವೂ ಹಂಚಿಕೊಳ್ಳಬೇಕೆಂಬ ಮಾತು 1920ರ ದಶಕದಲ್ಲಿ ಬಲವಾಯಿತು. ಮುಂಬಯಿ ಶಾಸನ ಪರಿಷತ್ತಿನಲ್ಲಿ 1928ರಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬ್ ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಮರುವರ್ಷ ಅದು ಕಾಯಿದೆಯಾಯಿತು. ವಿಟ್ಲಿ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಅದರ ನಂತರ ಬಂದ 1934ರ ಫ್ಯಾಕ್ಟರಿ ಕಾಯಿದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ನಿಯಮ ಮಾಡುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯಿದೆ ಅದನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ಕೋಣೆಯಲ್ಲಿ ಗಾಳಿ ಬೆಳಕು ಇರಬೇಕು, ಮಕ್ಕಳನ್ನು ನೋಡಿಕೊಳ್ಳಲು ತರಬೇತಾದ ಹೆಂಗಸರಿರಬೇಕು ಎಂದಿತು. 1976ರ ತಿದ್ದುಪಡಿಯಲ್ಲಿ ಐವತ್ತು ಮೂವತ್ತಕ್ಕಿಳಿಯಿತು.

ಕಾಫಿ ತೋಟಗಳ ನಾಡಾದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಗೆ ಇನ್ನೊಂದು ಕಾಯಿದೆ ಮುಖ್ಯವಾದದ್ದು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಎರಡು ಮಾತು ಹೇಳಿತು. ಐವತ್ತು ಹೆಂಗಸರಿದ್ದ ತೋಟದಲ್ಲಿ ಕೂಸುಗಳ ಕೋಣೆ ಇರಬೇಕು. ಆರರಿಂದ ಹನ್ನೆರಡು ವರ್ಷದ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿದ್ದರೆ ಅವರ ಶಿಕ್ಷಣಕ್ಕೆ ಮಾಲೀಕರು ಅನುಕೂಲ ಮಾಡಬೇಕೆಂದು ರಾಜ್ಯ ಸರ್ಕಾರ ವಿಧಿಸಬಹುದು. ಕೂಸಿನ ಕೋಣೆಯನ್ನೂ ಅಕ್ಕನ ಶಾಲೆಯನ್ನೂ ಒಂದೇ ಕಾಯಿದೆಯಲ್ಲಿ ತಂದದ್ದು ಇದರ ಹೆಚ್ಚುಗಾರಿಕೆ. ಲೈನ್ ಮನೆಯ ತಾಯಿ ಬೆಳಗ್ಗೆ ಹಣ್ಣು ಕೊಯ್ಯಲು ಹೋದರೆ ಕೂಸಿಗೂ ಜಾಗವಿದೆ, ಅಕ್ಕನಿಗೂ ಜಾಗವಿದೆ ಎಂಬುದು ಕಾಗದದ ಮೇಲಾದರೂ ಬಂತು.

ಆದರೆ ಈ ಎಲ್ಲ ಕಾಯಿದೆಗಳಿಗೂ ಒಂದು ದೋಷವಿತ್ತು. ಅವು ಹೆಂಗಸರ ತಲೆ ಎಣಿಸುತ್ತಿದ್ದವು. ಐವತ್ತು ಮುಟ್ಟದಂತೆ ನೋಡಿಕೊಂಡರೆ ಕೋಣೆ ಕಟ್ಟಬೇಕಿಲ್ಲ. ಕೂಸು ನೋಡಿಕೊಳ್ಳುವ ಖರ್ಚು ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡದ್ದಕ್ಕೆ ತೆರುವ ದಂಡದಂತೆ ಮಾಲೀಕರಿಗೆ ಕಂಡಿತು. ಮಗುವಿಗೆ ತಂದೆಯೂ ಇದ್ದಾನೆ ಎಂಬುದನ್ನು ಈ ಲೆಕ್ಕ ಮರೆತಿತ್ತು. ಇದು ಬದಲಾದದ್ದು ಬಹಳ ತಡವಾಗಿ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆ ಐವತ್ತು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ಆ ಐವತ್ತರಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು ಎಂದು ಕೇಳಲಿಲ್ಲ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕಾರ್ಮಿಕ ಸಂಹಿತೆಗಳಲ್ಲೂ ಇದೇ ಬಗೆಯ ಲೆಕ್ಕ ಉಳಿಯಿತು.

ಕೋಸಬಾಡದ ಗುಡ್ಡದ ಮೇಲೆ

ಕಾಯಿದೆಗಳು ಕೂಸಿನ ಕೋಣೆಯನ್ನು ಕಾರ್ಮಿಕರ ಸೌಲಭ್ಯವೆಂದು ನೋಡಿದವು. ಅದು ಶಿಕ್ಷಣದ ಪ್ರಶ್ನೆಯೂ ಹೌದೆಂದು ಕೆಲಸ ಮಾಡಿ ತೋರಿಸಿದವರು ಇಬ್ಬರು ಶಿಕ್ಷಕಿಯರು.

ತಾರಾಬಾಯಿ ಮೋಡಕ್ 1892ರಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳು ಪದವಿ ಪಡೆಯುವುದು ಅಪರೂಪವಾಗಿದ್ದ ಕಾಲದಲ್ಲಿ ಪದವಿ ಪಡೆದು, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಮಾಂಟೆಸೊರಿ ಪದ್ಧತಿಯ ಶಿಶುಶಿಕ್ಷಣದಲ್ಲಿ ಪಳಗಿದರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಸ್ಥಾಪನೆಯಾಯಿತು. ಅಲ್ಲಿಯವರೆಗೆ ಶಿಶುವಿಹಾರ ಎಂದರೆ ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಎಂಬಂತಿತ್ತು. ಬೆಲೆಬಾಳುವ ಸಾಮಗ್ರಿ, ಒಪ್ಪವಾದ ಕೊಠಡಿ, ತೊಳೆದ ಮುಖದ ಮಕ್ಕಳು. ಇದನ್ನು ಹಳ್ಳಿಯ ಬಡವರಿಗೆ ತಲುಪಿಸುವುದು ಹೇಗೆಂದು ಯೋಚಿಸಿದ ತಾರಾಬಾಯಿ 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಕಡಲತಡಿಯ ಊರಾದ ಬೋರ್ಡಿಗೆ ಬಂದು ನೆಲೆಸಿದರು. ಅವರ ಜೊತೆಗೂಡಿದವರು ಅನುತಾಯಿ ವಾಘ್. 1910ರಲ್ಲಿ ಹುಟ್ಟಿ, ಎಳವೆಯಲ್ಲೇ ವಿಧವೆಯಾಗಿ, ಓದಿ ಶಿಕ್ಷಕಿಯಾದವರು.

ಬೋರ್ಡಿಯಲ್ಲಿ ಬಾಲವಾಡಿ ತೆರೆದದ್ದೇನೋ ಸರಿ. ದಲಿತ ಕೇರಿಯ, ಬಡ ಕೂಲಿಕಾರರ ಮಕ್ಕಳು ಬರಲಿಲ್ಲ. ಮಕ್ಕಳು ಬಾರದಿದ್ದರೆ ಬಾಲವಾಡಿಯೇ ಹೋಗಬೇಕೆಂದು ಶಿಕ್ಷಕಿಯರು ಕೇರಿಯ ಅಂಗಳಕ್ಕೆ ಹೋದರು. ಅಲ್ಲೇ ಮಕ್ಕಳ ಮುಖ ತೊಳೆದು, ತಲೆ ಬಾಚಿ, ಹಾಡು ಕಥೆ ಹೇಳಿಕೊಟ್ಟರು. ಅಂಗಳದಲ್ಲಿ ನಡೆಯುವ ಈ ಬಾಲವಾಡಿಯೇ 'ಅಂಗನವಾಡಿ' ಎಂಬ ಹೆಸರಿನ ಮೂಲ. ವಿದೇಶಿ ಸಾಮಗ್ರಿಯ ಬದಲು ಬೆಣಚು ಕಲ್ಲು, ಕಪ್ಪೆಚಿಪ್ಪು, ಬೀಜ, ಕಡ್ಡಿ, ಎಲೆಗಳು ಲೆಕ್ಕ ಕಲಿಸಿದವು.

1950ರ ದಶಕದ ಉತ್ತರಾರ್ಧದಲ್ಲಿ ಇಬ್ಬರೂ ಅಲ್ಲಿಗೆ ಹತ್ತಿರದ ಕೋಸಬಾಡದ ಗುಡ್ಡಕ್ಕೆ ಹೋದರು. ಅಲ್ಲಿದ್ದವರು ವಾರಲಿ ಮೊದಲಾದ ಬುಡಕಟ್ಟಿನ ಜನ. ಗಂಡಹೆಂಡಿರಿಬ್ಬರೂ ಕಾಡು, ಹೊಲಗಳ ಕೆಲಸಕ್ಕೆ ಹೋಗುವವರು. ಪ್ರಾಥಮಿಕ ಶಾಲೆ ತೆರೆದಾಗ ಅದೇ ಹಳೆಯ ಕಷ್ಟ ಎದುರಾಯಿತು: ಶಾಲೆಯ ವಯಸ್ಸಿನ ಹುಡುಗಿಯರು ಮನೆಯಲ್ಲಿ ಕೂಸು ನೋಡಿಕೊಳ್ಳುತ್ತಿದ್ದರು, ಹುಡುಗರು ದನ ಮೇಯಿಸುತ್ತಿದ್ದರು. ಬೈದು ಬುದ್ಧಿ ಹೇಳಿದರೆ ಇದು ಸರಿಹೋಗುವಂಥದ್ದಾಗಿರಲಿಲ್ಲ. ತಾಯಿ ಕೂಲಿ ಬಿಟ್ಟರೆ ಒಲೆ ಉರಿಯುವುದಿಲ್ಲ, ಮಗಳು ಕೂಸನ್ನು ಬಿಟ್ಟರೆ ಕೂಸು ಉಳಿಯುವುದಿಲ್ಲ.

ಶಿಕ್ಷಕಿಯರು ಕಂಡುಕೊಂಡ ಉಪಾಯ ಸರಳವಾಗಿತ್ತು. ಕೂಸನ್ನೂ ಕರೆತಾ ಎಂದರು. ಕೈಗೂಸುಗಳ ಪಾಲನಾ ಕೇಂದ್ರ, ಪುಟ್ಟ ಮಕ್ಕಳ ಬಾಲವಾಡಿ, ದೊಡ್ಡವರ ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ನಡೆಸಿ ಅದಕ್ಕೆ 'ವಿಕಾಸವಾಡಿ' ಎಂದು ಹೆಸರಿಟ್ಟರು. ಅಕ್ಕ ಕೂಸನ್ನು ತಂದು ಒಂದು ಕಡೆ ಒಪ್ಪಿಸಿ, ಮಗ್ಗುಲಲ್ಲೇ ತನ್ನ ತರಗತಿಗೆ ಹೋಗಿ ಕೂರಬಹುದಿತ್ತು. ದನ ಕಾಯುವ ಹುಡುಗರಿಗಾಗಿ ಅನುತಾಯಿ 'ಕುರಣಶಾಲೆ' ನಡೆಸಿದರು. ಕುರಣ ಎಂದರೆ ಹುಲ್ಲುಗಾವಲು. ದನ ಮೇಯುತ್ತಿರುವಲ್ಲಿಗೇ ಪಾಠ ಹೋಯಿತು.

ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಯವರಿಗೆ 1985ರಲ್ಲಿ ಪದ್ಮಶ್ರೀ ಬಂದವು. ಪ್ರಶಸ್ತಿಗಿಂತ ದೊಡ್ಡದು ಅವರು ಮುಟ್ಟಿಸಿದ ತಿಳಿವಳಿಕೆ. ತಾಯಿಯ ಕೆಲಸ, ಕೂಸಿನ ಪಾಲನೆ, ಅಕ್ಕನ ಓದು ಈ ಮೂರೂ ಒಂದೇ ಹಗ್ಗದ ಎಳೆಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಸರಿಪಡಿಸಲಾಗದು.

ಮನೆಯಲ್ಲೇ ಇದ್ದ ತಾಯಿ

ತಾಯಿ ಮನೆಯಲ್ಲೇ ಇದ್ದು ದುಡಿದರೆ ಈ ತೊಡಕು ಇರುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಕರ್ನಾಟಕದ ಕರಾವಳಿಯಲ್ಲೇ ಉತ್ತರವಿದೆ.

ದಕ್ಷಿಣ ಕನ್ನಡದಲ್ಲಿ ಹಲವು ತಲೆಮಾರುಗಳ ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದರು. ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಟಿ, ನೂಲು ಸುತ್ತಿ, ಕಟ್ಟು ಕಟ್ಟಿ ಬೀಡಿ ಬ್ರ್ಯಾಂಚಿಗೆ ಒಯ್ದು ಕೊಡುವ ಕೆಲಸ. ತಾಯಿ ಕೂಸಿನ ಕಣ್ಣೆದುರಿಗೇ ಇದ್ದಳು, ಆದರೆ ಕೂಲಿ ಸಿಗುವುದು ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಲೆಕ್ಕ ಮುಗಿಯಬೇಕಾದರೆ ಎಲೆ ಕತ್ತರಿಸಲು, ನೂಲು ಸುತ್ತಲು ಮಕ್ಕಳ ಪುಟ್ಟ ಬೆರಳುಗಳೂ ಬೇಕಾದವು. 1966ರ ಬೀಡಿ ಕಾರ್ಮಿಕರ ಕಾಯಿದೆಯಲ್ಲಿ ಶಿಶುಪಾಲನಾ ಕೋಣೆಯ ಮಾತಿತ್ತು, ಅದು ಬೀಡಿ ಕಟ್ಟುವ ಶೆಡ್ಡಿಗೆ ಸಲ್ಲುವ ಮಾತು. ಮನೆಯ ಜಗಲಿಗೆ ಅದು ಬರಲಿಲ್ಲ. 1986ರ ಬಾಲಕಾರ್ಮಿಕ ಕಾಯಿದೆ ಬೀಡಿ ಕೆಲಸಕ್ಕೆ ಮಕ್ಕಳನ್ನು ಹಚ್ಚುವುದನ್ನು ನಿಷೇಧಿಸಿದರೂ ಮನೆಯವರೇ ಸೇರಿ ಮಾಡುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತು.

ಇದೇ ಬೀಡಿಯ ಇನ್ನೊಂದು ಮುಖವೂ ಇದೆ. ಗಂಡನ ಸಂಪಾದನೆ ಸಾಲದ, ಇಲ್ಲವೇ ಮನೆಗೆ ಮುಟ್ಟದ ಎಷ್ಟೋ ಸಂಸಾರಗಳಲ್ಲಿ ಮಕ್ಕಳ ಶುಲ್ಕ, ಪುಸ್ತಕ, ಬಸ್ ಚಾರ್ಜು ಬಂದದ್ದು ಬೀಡಿಯ ದುಡ್ಡಿನಿಂದ. ತಾವೇ ಬೀಡಿ ಕಟ್ಟಿ ಕಾಲೇಜು ಓದಿದ ಹೆಣ್ಣುಮಕ್ಕಳು ಕರಾವಳಿಯಲ್ಲಿ ಅಪರೂಪವಲ್ಲ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯಿದೆ ಬಂದ ಮೇಲೆ ಬೀಡಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನವೂ ದೊರೆಯಿತು. ಗುರುತಿನ ಚೀಟಿಯಲ್ಲಿ ಹೆಸರಿದ್ದದ್ದು ತಾಯಿಯದು. ಮಗನೋ ಮಗಳೋ ಶಾಲೆಯಲ್ಲಿ ಅರ್ಜಿ ತುಂಬುವಾಗ 'ತಾಯಿಯ ಉದ್ಯೋಗ' ಎಂಬಲ್ಲಿ ಬರೆಯಲು ಒಂದು ಮಾತು ಸಿಕ್ಕಿತು.

ಮನೆಯಲ್ಲಿ ಕುಳಿತ ತಾಯಿಯಿಂದ ಓದು ತಾನಾಗಿ ಬರಲಿಲ್ಲ, ದುಡಿದ ತಾಯಿಯಿಂದ ಓದು ತಾನಾಗಿ ಹೋಗಲಿಲ್ಲ. ಅವಳ ಕೈಗೆ ಬಂದ ದುಡ್ಡು ಎಷ್ಟು, ಅವಳ ಕೈ ಬಿಡುವಾಗಿದ್ದದ್ದು ಎಷ್ಟು ಹೊತ್ತು, ಆ ಬಿಡುವಿಲ್ಲದ ಹೊತ್ತನ್ನು ತುಂಬಿದವರು ಯಾರು ಎಂಬ ಮೂರು ಲೆಕ್ಕದ ಮೇಲೆ ಎಲ್ಲವೂ ನಿಂತಿತ್ತು.

ರಾಜಘಾಟದ ಡೇರೆ

ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ 1969. ದೆಹಲಿಯ ರಾಜಘಾಟದ ಬಳಿ ಶತಾಬ್ದಿಯ ಪ್ರದರ್ಶನಕ್ಕಾಗಿ ಕಟ್ಟಡಗಳು ಏಳುತ್ತಿದ್ದವು. ಕಲ್ಲು ಮಣ್ಣು ಹೊರುತ್ತಿದ್ದ ಹೆಂಗಸರ ಕೂಸುಗಳು ಬಿಸಿಲಲ್ಲಿ, ಧೂಳಿನಲ್ಲಿ ಬಿದ್ದಿದ್ದವು. ಇದನ್ನು ಕಂಡು ತಡೆಯಲಾರದೆ ಮೀರಾ ಮಹಾದೇವನ್ ಎಂಬ ಮಹಿಳೆ ಅಲ್ಲೇ ಒಂದು ಡೇರೆ ಹಾಕಿಸಿ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಟು ಮಾಡಿದರು. 'ಮೊಬೈಲ್ ಕ್ರೆಷಸ್' ಸಂಸ್ಥೆ ಹುಟ್ಟಿದ್ದು ಹೀಗೆ. ಕಟ್ಟಡ ಮುಗಿದು ಕೂಲಿಕಾರರು ಮುಂದಿನ ಜಾಗಕ್ಕೆ ಹೋದರೆ ಶಿಶುಕೇಂದ್ರವೂ ಅವರ ಜೊತೆ ಹೋಗಬೇಕೆಂಬುದು ಆ ಹೆಸರಿನ ಅರ್ಥ. ಮುಂದೆ ಈ ಕೆಲಸ ಮುಂಬಯಿ, ಪುಣೆಗಳಿಗೂ ಹಬ್ಬಿತು.

ಕೂಸುಗಳಿಗೆಂದು ಹಾಕಿದ ಡೇರೆಯೊಳಗೆ ಕೂಸು ಹೊತ್ತ ಅಕ್ಕಂದಿರೂ ಬಂದು ನಿಂತರು. ಕೆಳಗಿಳಿಸಿದ ಮೇಲೆ ಅವರ ಕೈ ಖಾಲಿಯಾಯಿತು. ಹಾಗಾಗಿ ಶಿಶುಪಾಲನೆಯ ಜೊತೆಗೆ ಬಾಲವಾಡಿ, ಅದರ ಜೊತೆಗೆ ದೊಡ್ಡ ಮಕ್ಕಳಿಗೆ ಅಕ್ಷರಾಭ್ಯಾಸ ಸೇರಿಕೊಂಡವು. ಕೋಸಬಾಡದ ಗುಡ್ಡದಲ್ಲಿ ಕಂಡ ಸತ್ಯವೇ ರಾಜಧಾನಿಯ ನಡುವೆ ಮತ್ತೆ ಕಂಡಿತು. 1996ರ ಕಟ್ಟಡ ಕಾರ್ಮಿಕರ ಕಾಯಿದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಜಾಗದಲ್ಲಿ ಮಕ್ಕಳಿಗೆ ಕೋಣೆ ಇರಬೇಕೆಂದು ಹೇಳಿತು. ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಗುಳೆ ಬಂದು, ಇಂದು ಒಂದು ಕಡೆ ನಾಳೆ ಇನ್ನೊಂದು ಕಡೆ ಸಣ್ಣ ಸಣ್ಣ ಮನೆಗಳಿಗೆ ಇಟ್ಟಿಗೆ ಹೊರುವವರಿಗೆ ಐವತ್ತರ ಲೆಕ್ಕ ಎಂದೂ ತುಂಬದು.

ಅಂಗಳದಿಂದ ಊರಿಗೆ

ಬೋರ್ಡಿಯ ಅಂಗಳದಲ್ಲಿ ಹುಟ್ಟಿದ ಹೆಸರು ದೇಶದ ಹೆಸರಾದದ್ದು 1975ರ ಅಕ್ಟೋಬರ್ 2ರಂದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂದು 33 ಬ್ಲಾಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಬೆಳೆದು ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಾಗಿವೆ. ಅವು ಕೊಟ್ಟ ಆಹಾರ, ಚುಚ್ಚುಮದ್ದು, ಆಟಪಾಠಗಳ ಉಪಕಾರ ಸಣ್ಣದಲ್ಲ.

ಆದರೂ ದುಡಿಯುವ ತಾಯಿಯ ಕಡೆಯಿಂದ ನೋಡಿದರೆ ಎರಡು ಕೊರತೆ ಉಳಿದವು. ಅಂಗನವಾಡಿಯಲ್ಲಿ ಕುಳಿತು ಕಲಿಯುವುದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವಕ್ಕೆ ಆಹಾರವನ್ನು ಮನೆಗೆ ಕೊಡುತ್ತಾರೆ, ಮಗುವನ್ನು ಇಟ್ಟುಕೊಳ್ಳುವುದಿಲ್ಲ. ಎತ್ತಿಕೊಂಡು ತಿರುಗಬೇಕಾದ ಕೂಸು ಇರುವುದೇ ಈ ಮೂರು ವರ್ಷದೊಳಗೆ. ಎರಡನೆಯದು ಹೊತ್ತಿನ ಕೊರತೆ. ಹೊಲದ ಕೂಲಿಗೆ ಹೋಗುವವಳು ಬೆಳಗ್ಗೆ ಏಳಕ್ಕೇ ಹೊರಟಿರುತ್ತಾಳೆ, ಗಾರ್ಮೆಂಟ್ಸ್ ಕಾರ್ಖಾನೆಯವಳು ಮನೆ ಮುಟ್ಟುವಾಗ ಕತ್ತಲಾಗಿರುತ್ತದೆ. ಅಂಗನವಾಡಿಯ ಬಾಗಿಲು ಅಷ್ಟು ಬೇಗ ತೆರೆಯುವುದಿಲ್ಲ, ಅಷ್ಟು ಹೊತ್ತು ತೆರೆದಿರುವುದಿಲ್ಲ. ಮುಂಜಾನೆ ಮತ್ತು ಸಂಜೆಯ ಈ ಸಂದಿಗೆ ಅಕ್ಕನೇ ಬೇಕಾದಳು.

ಸರ್ಕಾರ ಒಪ್ಪಿಕೊಂಡ ಮಾತು

ಸರ್ಕಾರಕ್ಕೆ ಇದು ತಿಳಿಯದ ಸಂಗತಿಯೇನೂ ಆಗಿರಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಪಷ್ಟವಾಗಿಯೇ ಹೇಳಿತು: ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು ಶಾಲೆಗೆ ಬರುವಂತಾಗಲು, ಬಡ ದುಡಿಯುವ ಹೆಂಗಸರಿಗೆ ನೆರವಾಗಲು ಶಿಶುಪಾಲನಾ ಕೇಂದ್ರಗಳು ಬೇಕು, ಎಲ್ಲರಿಗೂ ಪ್ರಾಥಮಿಕ ಶಿಕ್ಷಣ ಮುಟ್ಟಿಸುವ ಕಾರ್ಯದ ಅಂಗವಾಗಿಯೇ ಅವು ಇರಬೇಕು. ಇಳಾ ಭಟ್ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ 1988ರಲ್ಲಿ ಕೊಟ್ಟ 'ಶ್ರಮಶಕ್ತಿ' ವರದಿಯೂ ಅಸಂಘಟಿತ ಕೆಲಸಗಾರ್ತಿಯರ ಈ ಕಷ್ಟವನ್ನು ಮುಂದಿಟ್ಟಿತು. ಮರುವರ್ಷ ಕರ್ನಾಟಕದ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಮಹಿಳಾ ಸಮಖ್ಯ ಆರಂಭವಾಯಿತು. ಅದರ ಸಂಘಗಳಲ್ಲಿ ಕೂತು ಮಾತಾಡಿದ ಕೂಲಿ ಹೆಂಗಸರು ತಮ್ಮ ಹೆಣ್ಣುಮಕ್ಕಳ ಓದಿನ ಮಾತನ್ನೂ ಎತ್ತಿದರು. ಶಾಲೆ ಬಿಟ್ಟ ಹುಡುಗಿಯರಿಗಾಗಿ ಮಹಿಳಾ ಶಿಕ್ಷಣ ಕೇಂದ್ರಗಳು ನಡೆದವು.

ಸಂವಿಧಾನದ ಕಥೆಯೂ ಇದಕ್ಕೆ ಸೇರಿದ್ದೇ. 1950ರ ಸಂವಿಧಾನದ 45ನೇ ವಿಧಿ ಹದಿನಾಲ್ಕು ತುಂಬುವವರೆಗೆ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಶಿಕ್ಷಣ ಎಂದಿತ್ತು. ಎಷ್ಟನೇ ವಯಸ್ಸಿನಿಂದ ಎಂಬ ಕೆಳಗಿನ ಗೆರೆ ಅದರಲ್ಲಿರಲಿಲ್ಲ. 2002ರ ತಿದ್ದುಪಡಿ ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಆರರ ಕೆಳಗಿನವರ ಪಾಲನೆ, ಶಿಕ್ಷಣ ಸರ್ಕಾರ ಪ್ರಯತ್ನಿಸಬೇಕಾದ ಕೆಲಸವಾಗಿ ಉಳಿಯಿತು. ಅಕ್ಕನಿಗೆ ಹಕ್ಕು ಸಿಕ್ಕಿತು, ಅವಳ ಕಂಕುಳಲ್ಲಿದ್ದ ಕೂಸಿಗೆ ಭರವಸೆ ಸಿಕ್ಕಿತು.

ಕೂಸು ನೋಡುವುದೂ ಕೆಲಸವೇ

ಇನ್ನೊಬ್ಬರ ಕೂಸು ನೋಡಿಕೊಂಡು ತಾಯಂದಿರನ್ನು ದುಡಿಯಲು ಕಳಿಸುವವಳೂ ಒಬ್ಬ ದುಡಿಯುವ ತಾಯಿ. ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಗೌರವಧನ. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ, ಇವರದು ಸರ್ಕಾರಿ ಹುದ್ದೆಯಲ್ಲ ಎಂದು ತೀರ್ಪು ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇವರಿಗೆ ಗ್ರಾಚ್ಯುಯಿಟಿ ಪಡೆಯುವ ಹಕ್ಕಿದೆ ಎಂದಿತು. ಕೂಸು ನೋಡುವುದು ಹೆಂಗಸರ ಸಹಜ ಸೇವೆ, ಅದಕ್ಕೆ ಸಂಬಳವೇಕೆ ಎಂಬ ಭಾವನೆ ಹಾಗೆ ನಿಧಾನವಾಗಿ ಸಡಿಲವಾಗುತ್ತಿದೆ.

ಪಟ್ಟಣದ ಮಧ್ಯಮ ವರ್ಗದಲ್ಲೂ ಇದೇ ಸರಪಳಿ ಇದೆ. ಬ್ಯಾಂಕಿಗೋ ಕಚೇರಿಗೋ ಹೋಗುವ ತಾಯಿಯ ಮಗು ಇಂಗ್ಲಿಷ್ ಶಾಲೆಯಲ್ಲಿ ಓದುತ್ತದೆ. ಮನೆಗೆ ಬಂದಾಗ ಅದನ್ನು ನೋಡಿಕೊಳ್ಳಲು ಮನೆಗೆಲಸದವಳು ಇರುತ್ತಾಳೆ. ಆ ಮನೆಗೆಲಸದವಳ ಕೂಸನ್ನು ನೋಡಿಕೊಳ್ಳುವವರು ಯಾರು? ಅಜ್ಜಿ ಊರಲ್ಲಿದ್ದರೆ ಮತ್ತೆ ಅಕ್ಕನೇ. ಒಬ್ಬ ತಾಯಿಯ ಉದ್ಯೋಗದಿಂದ ಒಂದು ಮಗುವಿನ ಓದು ಮೇಲೇರುವಾಗ, ಅದೇ ಬೀದಿಯ ಕೊನೆಯ ವಠಾರದಲ್ಲಿ ಇನ್ನೊಂದು ಮಗುವಿನ ಓದು ನಿಲ್ಲಬಹುದು.

ಗ್ರಾಮೀಣ ಉದ್ಯೋಗ ಖಾತರಿಯ 2005ರ ಕಾಯಿದೆ ಈ ಸರಪಳಿಯ ಒಂದು ಕೊಂಡಿಯನ್ನು ಹಿಡಿದಿತ್ತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ಕೂಲಿ ಹೆಂಗಸರಲ್ಲೇ ಒಬ್ಬಳನ್ನು ಅವರನ್ನು ನೋಡಿಕೊಳ್ಳಲು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದಿತು. ಗುದ್ದಲಿ ಹಿಡಿದವಳಿಗೂ ಕೂಸು ಹಿಡಿದವಳಿಗೂ ಒಂದೇ ಕೂಲಿ ಎಂದು ಕಾಯಿದೆಯಲ್ಲೇ ಬರೆದದ್ದು ಸಣ್ಣ ಮಾತಲ್ಲ. 2023ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳು ಆರಂಭವಾದವು. ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಕೂಸುಗಳನ್ನು, ಅಂದರೆ ಅಂಗನವಾಡಿ ಇಟ್ಟುಕೊಳ್ಳದ ವಯಸ್ಸಿನವನ್ನೇ, ಮುಖ್ಯವಾಗಿ ಇವು ನೋಡಿಕೊಳ್ಳುತ್ತವೆ.

ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸುವ ಜನ ಎಂದು ನಮ್ಮ ಗಾದೆ ನಗುತ್ತದೆ. ಹುಟ್ಟಿದ ಕೂಸು ತಾಯಿಯ ಕೆಲಸದ ಹೊತ್ತಿನಲ್ಲಿ ಎಲ್ಲಿರಬೇಕೆಂದು ಯೋಚಿಸಲು ಕಾಯಿದೆಗಳಿಗೆ, ಆಯೋಗಗಳಿಗೆ ನೂರು ವರ್ಷ ಹಿಡಿಯಿತು. ಕೂಸಿನ ಮನೆಯೋ ಅಂಗನವಾಡಿಯೋ, ಹೆಸರು ಯಾವುದಾದರೂ ಅದರ ಪರೀಕ್ಷೆ ನಡೆಯುವುದು ಮಗ್ಗುಲಿನ ಪ್ರಾಥಮಿಕ ಶಾಲೆಯಲ್ಲಿ. ತಾಯಿ ಹೊರಡುವ ಹೊತ್ತಿಗೆ ಅದರ ಬಾಗಿಲು ತೆರೆದಿದ್ದರೆ, ಕಳೆ ತೆಗೆಯುವ ತಿಂಗಳಲ್ಲೂ ಹಾಜರಿ ಕೂಗುವಾಗ ಎಂಟು ವರ್ಷದ ಆ ಹುಡುಗಿ ತನ್ನ ಹೆಸರಿಗೆ ಓಗೊಡುತ್ತಾಳೆ.